ವಾರಕ್ಕೆ ಒಂದೂವರೆ ದಿನ ಆಸ್ಪತ್ರೆಯಲ್ಲಿ ಕೂರುವ ಒಂದು ಹುದ್ದೆ ಕೊಡಿ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ, ಈ ಎರಡೂ ಜಿಲ್ಲೆಗಳ ಮೆಡಿಕಲ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಮುಖ್ಯಸ್ಥರಿಗೆ,

ನಮಸ್ಕಾರ.

ನಾನು ಮೂಡಿಗೆರೆ ತಾಲ್ಲೂಕಿನವಳು. ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಓದಿದೆ. ಆಮೇಲೆ ಎಂ.ಟೆಕ್ ಮುಗಿಸಿ ಈಗ ಬೆಂಗಳೂರಿನಲ್ಲಿ ಸ್ಕ್ಯಾನಿಂಗ್ ಯಂತ್ರಗಳನ್ನು ಕಂಪ್ಯೂಟರ್ ಒಳಗೆ ಲೆಕ್ಕದಲ್ಲಿ ಕಟ್ಟಿ ನೋಡುವ ಕೆಲಸ ಮಾಡುತ್ತಿದ್ದೇನೆ. ಪ್ರಾಜೆಕ್ಟ್ ಕೆಲಸ. ಪ್ರಾಜೆಕ್ಟ್ ಇರುವಷ್ಟು ದಿನ ಸಂಬಳ.

ಈ ಪತ್ರದಲ್ಲಿ ಒಂದೇ ಒಂದು ಬೇಡಿಕೆ ಇದೆ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ, ಕಡಿಮೆ ಖರ್ಚಿನ ಸ್ಕ್ಯಾನಿಂಗ್ ಯಂತ್ರಗಳಿಗಾಗಿ ಕಂಪ್ಯೂಟರ್ ಮಾಡೆಲಿಂಗ್ ಮಾಡುವ ಒಂದು ಸಂಶೋಧನಾ ಹುದ್ದೆ ಕೊಡಿ. ಕಟ್ಟಡ ಬೇಡ, ಉದ್ಘಾಟನೆ ಬೇಡ. ಯಾಕೆ ಕೇಳುತ್ತಿದ್ದೇನೆ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ. ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ಕೆಲಸಕ್ಕೆ ಯಾರು ಬಂದರು, ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು, ಲೈನ್ ಮನೆಯಲ್ಲಿ ಯಾರಿಗೆ ಎಷ್ಟು ಮುಂಗಡ ಹೋಗಿದೆ, ಎಲ್ಲಾ ಚೆಕ್‌ರೋಲ್‌ನಲ್ಲಿ ಅಪ್ಪನ ಕೈಬರಹದಲ್ಲೇ ಇರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅವರಿಗೆ ರೇಡಿಯೋ ಬೇಕು. ಭದ್ರಾವತಿ ಆಕಾಶವಾಣಿ, 675 ಕಿಲೋಹರ್ಟ್ಸ್. ಮಳೆಗಾಲದಲ್ಲಿ ಎಲ್ಲೋ ದೂರ ಮಿಂಚಿದರೂ ರೇಡಿಯೋ ಗರ್ ಅನ್ನುತ್ತಿತ್ತು. ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದರಂತೂ ಏನೂ ಕೇಳುತ್ತಿರಲಿಲ್ಲ. "ಒಂದ್ನಿಮಿಷ ನಿಲ್ಸೇ" ಅಂತ ಅಪ್ಪ ಕೂಗುತ್ತಿದ್ದರು, "ನಿಮ್ ರೇಡಿಯೋ ಕೇಳ್ತಾ ಕೂತ್ರೆ ತಿಂಡಿ ಆಗಲ್ಲ" ಅಂತ ಅಮ್ಮ ಒಳಗಿಂದ. ದಿನಾ ಇದೇ.

ಒಂದು ಜುಲೈ ಬೆಳಿಗ್ಗೆ ಮಿಕ್ಸಿ ನಿಂತ ಮೇಲೂ ರೇಡಿಯೋ ಗರಗರ ಅನ್ನುತ್ತಲೇ ಇತ್ತು. ನಾನು ರಜೆಗೆ ಮನೆಗೆ ಬಂದಿದ್ದೆ. ಸ್ಟೇಷನ್ ಯಾಕೆ ಸರಿ ಮಾಡ್ತಿಲ್ಲ ಅಂತ ಎದ್ದು ಹೋಗಿ ನೋಡಿದರೆ ಅಪ್ಪ ಕುರ್ಚಿಯಲ್ಲೇ ಕೂತಿದ್ದಾರೆ. ಬಲಗೈ ರೇಡಿಯೋ ಗುಂಡಿಯ ಮೇಲಿದೆ. ಬೆರಳು ತಿರುಗುತ್ತಿಲ್ಲ. ಬಾಯಿ ಒಂದು ಕಡೆ ವಾಲಿತ್ತು. ಗೋಡೆ ಗಡಿಯಾರದಲ್ಲಿ ಆರೂ ಹತ್ತು.

ಜೀಪ್ ಸಿಗಲು ಮುಕ್ಕಾಲು ಗಂಟೆ ಬೇಕಾಯಿತು. ಕೊಟ್ಟಿಗೆಹಾರದ ಹತ್ತಿರ ರಸ್ತೆಗೆ ಮರ ಬಿದ್ದಿತ್ತು, ಅದನ್ನು ಕಡಿದು ಎಳೆಯುವವರೆಗೆ ಸಾಲಾಗಿ ಗಾಡಿಗಳು. ಮೊದಲು ಹೋದ ಆಸ್ಪತ್ರೆ ಮುಟ್ಟಿದಾಗ ಒಂಬತ್ತು ಗಂಟೆ ಆಗಿತ್ತು. ಡಾಕ್ಟರ್ ನೋಡಿದ ಕೂಡಲೇ ಲಕ್ವಾ ಅಂದರು. ಸಿಟಿ ಸ್ಕ್ಯಾನ್ ಆಗಲೇಬೇಕು ಅಂದರು. ಯಂತ್ರ ಅಲ್ಲೇ ಇತ್ತು, ಆದರೆ ಕೋಣೆಯ ಬಾಗಿಲಿಗೆ ಬಿಳಿ ಹಾಳೆ ಅಂಟಿಸಿದ್ದರು. "ಟ್ಯೂಬ್ ಹೋಗಿದೆ ಅಕ್ಕಾ. ಕಂಪನಿಯವರು ಬರಬೇಕು. ಒಂಬತ್ತು ದಿನ ಆಯ್ತು" ಅಂದ ಟೆಕ್ನಿಷಿಯನ್ ಹುಡುಗ. ಹೇಳುವಾಗ ಅವನ ಮುಖವೂ ಸಣ್ಣಗಾಗಿತ್ತು. ಅವನ ತಪ್ಪೇನಿದೆ? ಡಾಕ್ಟರದ್ದೂ ತಪ್ಪಿಲ್ಲ. ಮತ್ತೆ ಗಾಡಿ ಹತ್ತಿದೆವು. ಬೇರೆ ಊರಲ್ಲಿ ಸ್ಕ್ಯಾನ್ ಆಗುವಾಗ ಹನ್ನೊಂದೂ ಮುಕ್ಕಾಲು.

ಲಕ್ವಾದಲ್ಲಿ ಮುಖ್ಯವಾಗಿ ಎರಡು ಥರ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ರಕ್ತ ನಿಲ್ಲುವುದು ಒಂದು, ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಸಾಮಾನ್ಯವಾಗಿ ಅದನ್ನು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದೇ ಇಂಜೆಕ್ಷನ್ ಅನ್ನು ರಕ್ತ ಸೋರುತ್ತಿರುವವರಿಗೆ ಕೊಟ್ಟರೆ ಜೀವಕ್ಕೇ ಅಪಾಯ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ವಾಲಿದ ಬಾಯಿ, ಅದೇ ಬಿದ್ದುಹೋದ ಕೈ. ತಲೆಯ ಒಳಗಿನ ಚಿತ್ರ ನೋಡದೆ ಎಷ್ಟೇ ಅನುಭವದ ಡಾಕ್ಟರ್ ಆದರೂ ಆ ಇಂಜೆಕ್ಷನ್ ಕೈಗೆತ್ತಿಕೊಳ್ಳುವ ಹಾಗಿಲ್ಲ. ಇತ್ತ ದೊಡ್ಡ ನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ ನರರೋಗ ತಜ್ಞರ ಲೆಕ್ಕ.

ಅಪ್ಪನದು ಹೆಪ್ಪು. ಇಂಜೆಕ್ಷನ್ ಕೊಡಬಹುದಾಗಿದ್ದ ಥರದ್ದೇ. ಸಮಯ ಮೀರಿತ್ತು. ಅಪ್ಪ ಈಗಲೂ ಇದ್ದಾರೆ, ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ. ಮೂವತ್ತು ವರ್ಷ ಚೆಕ್‌ರೋಲ್ ಬರೆದ ಕೈ ಮಾತ್ರ ಮಡಿಲಲ್ಲೇ ಇರುತ್ತದೆ.

ಇನ್ನೊಂದು ಸಿಟಿ ಯಂತ್ರ ಮಂಜೂರು ಮಾಡಿಸೋಣ ಅಂತ ನೀವು ಹೇಳಬಹುದು. ಮಾಡಿಸಿ, ಖಂಡಿತ ಬೇಕು. ಆದರೆ ಅದೂ ಒಂದು ದಿನ ಕೆಡುತ್ತದೆ. ಅದು ಯಾಕೆ ಅಷ್ಟು ದುಬಾರಿ, ಯಾಕೆ ಅಷ್ಟು ಸೂಕ್ಷ್ಮ ಅನ್ನುವುದನ್ನು ನೋಡಬೇಕು. ಎಕ್ಸ್‌ರೇ ಟ್ಯೂಬ್‌ಗೆ ಕೊಟ್ಟ ಕರೆಂಟಿನಲ್ಲಿ ಎಕ್ಸ್‌ರೇ ಆಗುವುದು ನೂರರಲ್ಲಿ ಒಂದು ಪಾಲು ಮಾತ್ರ, ಉಳಿದದ್ದೆಲ್ಲ ಶಾಖ. ಆ ಶಾಖ ತಡೆಯಲು ಲೋಹದ ತಟ್ಟೆಯೊಂದು ಗಾಳಿಯೇ ಇಲ್ಲದ ಕೊಳವೆಯೊಳಗೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು, ಆ ಕೊಳವೆಯೇ ರೋಗಿಯ ಸುತ್ತ ಮತ್ತೆ ಗಿರಗಿರ ಸುತ್ತಬೇಕು. ಸವೆಯದೆ ಇರುತ್ತಾ? ಎಂಆರ್‌ಐ ಕಥೆ ಇನ್ನೊಂದು. ಕಾಂತಶಕ್ತಿಯನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ, ಮಾಮೂಲಿ 1.5 ಟೆಸ್ಲಾ ಯಂತ್ರದ್ದು ಭೂಮಿಯದ್ದಕ್ಕಿಂತ ಸುಮಾರು 30,000 ಪಟ್ಟು ಜಾಸ್ತಿ. ಅದರ ತಂತಿ ಸುರುಳಿಯನ್ನು ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಯಲ್ಲಿ ಇಡಬೇಕು. ಹೊರಗಿನ ರೇಡಿಯೋ ಅಲೆ ಒಳಗೆ ಬರದ ಹಾಗೆ ಕೋಣೆಗೆಲ್ಲ ಲೋಹದ ಹೊದಿಕೆ ಹಾಕಬೇಕು. ಖರ್ಚು ಕೋಟಿಗಳಲ್ಲಿ. ತಾಲ್ಲೂಕು ಆಸ್ಪತ್ರೆಗೆ ಅದು ಬರುವುದು ಯಾವಾಗ?

ಈಗ ನಿಮಗೆ ಒಬ್ಬರ ವಿಷಯ ಹೇಳಬೇಕು. ಅಲನ್ ಕೊರ್ಮ್ಯಾಕ್ ಅಂತ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಭೌತಶಾಸ್ತ್ರದ ಮೇಷ್ಟ್ರು. 1956ರಲ್ಲಿ ಅಲ್ಲಿನ ಗ್ರೂಟ್ ಶೂರ್ ಆಸ್ಪತ್ರೆಯ ಭೌತವಿಜ್ಞಾನಿ ಕೆಲಸ ಬಿಟ್ಟು ಹೋದರು. ವಿಕಿರಣ ವಸ್ತುಗಳನ್ನು ಬಳಸುವ ಕಡೆ ಅರ್ಹ ಭೌತವಿಜ್ಞಾನಿಯೊಬ್ಬರು ಇರಲೇಬೇಕು ಅಂತ ಅಲ್ಲಿ ಕಾನೂನು. ಹಾಗಾಗಿ ಕೊರ್ಮ್ಯಾಕ್‌ಗೆ ವಾರಕ್ಕೆ ಒಂದೂವರೆ ದಿನ ಬಂದು ಕೂರಲು ಹೇಳಿದರು. ಅಷ್ಟೇ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುವುದನ್ನು ಅಲ್ಲಿ ಅವರು ಕಣ್ಣಾರೆ ನೋಡಿದರು. ದೇಹ ಒಳಗೆಲ್ಲ ಒಂದೇ ಥರ ಇಲ್ಲ, ಎಲುಬು ಬೇರೆ, ಶ್ವಾಸಕೋಶ ಬೇರೆ, ಮಾಂಸ ಬೇರೆ, ಹಾಗಿರುವಾಗ ಒಳಗಿನ ನಕ್ಷೆ ಗೊತ್ತಿಲ್ಲದೆ ಈ ಲೆಕ್ಕ ಸರಿಯಾಗುವುದು ಹೇಗೆ ಅನ್ನುವ ಪ್ರಶ್ನೆ ಅವರ ತಲೆಗೆ ಹೊಕ್ಕಿತು. ಹೊರಗಿನಿಂದ ನಾನಾ ಕೋನಗಳಲ್ಲಿ ಎಕ್ಸ್‌ರೇ ಹಾಯಿಸಿ ಅಳೆದರೆ ಒಳಗಿನ ನಕ್ಷೆ ಬಿಡಿಸಬಹುದು ಅಂತ ಗಣಿತದಿಂದ ತೋರಿಸಿದರು. 1963 ಮತ್ತು 1964ರಲ್ಲಿ ಅದು ಅಚ್ಚಾಯಿತು. ಆಗ ಹೆಚ್ಚುಕಡಿಮೆ ಯಾರೂ ಗಮನಿಸಲಿಲ್ಲ.

ಇಂಗ್ಲೆಂಡಿನಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ತಮ್ಮಷ್ಟಕ್ಕೆ ಅದೇ ದಾರಿ ಹಿಡಿದು ಯಂತ್ರವನ್ನೇ ಕಟ್ಟಿದರು. ಅವರ ಮೊದಲ ಪ್ರಯೋಗದಲ್ಲಿ ಒಂದೇ ಒಂದು ವಸ್ತುವನ್ನು ಸ್ಕ್ಯಾನ್ ಮಾಡಲು 9 ದಿನ ಹಿಡಿದಿತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಸ್ಕ್ಯಾನ್ ಆಯಿತು. 1979ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಪ್ಪನ ತಲೆಯ ಚಿತ್ರ ತೆಗೆದ ಆ ಯಂತ್ರದ ಹಿಂದಿನ ಗಣಿತ ಹುಟ್ಟಿದ್ದು ಕೇಪ್‌ಟೌನ್‌ನ ಒಬ್ಬ ಮೇಷ್ಟ್ರು ವಾರಕ್ಕೆ ಒಂದೂವರೆ ದಿನ ಆಸ್ಪತ್ರೆಯಲ್ಲಿ ಕೂತಿದ್ದರಿಂದ. ನಾನು ಕೇಳುತ್ತಿರುವ ಹುದ್ದೆಯ ಹೆಸರನ್ನು ನೀವು ಏನು ಬೇಕಾದರೂ ಇಡಿ, ಆದರೆ ಅದರ ಹುರುಳು ಇದೇ.

ಮಾಡೆಲಿಂಗ್ ಅಂದರೆ ಏನು ಮಾಡುತ್ತಾರೆ ಅಂತ ನನ್ನ ನೆಂಟರೆಲ್ಲ ಕೇಳುತ್ತಾರೆ, ನಿಮಗೂ ಹೇಳುತ್ತೇನೆ. ಮುಚ್ಚಿದ ಕೆರೆಯೊಂದಿದೆ ಅಂತ ಇಟ್ಟುಕೊಳ್ಳಿ, ಒಳಗೆ ಎಲ್ಲೋ ಬಂಡೆ ಇದೆ, ಕಾಣುವುದಿಲ್ಲ. ದಡದಲ್ಲಿ ನಿಂತು ನೀರನ್ನು ಅಲುಗಿಸುತ್ತೀರಿ. ಅಲೆ ಹೋಗಿ, ಬಂಡೆಗೆ ಬಡಿದು, ಚೂರುಚೂರಾಗಿ ದಡಕ್ಕೆ ವಾಪಸ್ ಬರುತ್ತದೆ. ಬಂಡೆ ಇಂಥ ಕಡೆ ಇದ್ದರೆ ಅಲೆ ಹೇಗೆ ಬರಬೇಕು ಅಂತ ಲೆಕ್ಕ ಹಾಕುವುದು ಮೊದಲ ಕೆಲಸ. ಬಂದ ಅಲೆಯಿಂದ ಬಂಡೆ ಎಲ್ಲಿದೆ ಅಂತ ಹಿಂದೆ ಹೋಗಿ ಹುಡುಕುವುದು ಎರಡನೆಯದು, ಕಷ್ಟದ್ದು. ಎಕ್ಸ್‌ರೇ ಇರಲಿ, ಶಬ್ದ ಇರಲಿ, ಎಂಆರ್‌ಐ ಇರಲಿ, ಎಲ್ಲಾ ಸ್ಕ್ಯಾನಿಂಗ್ ಈ ಎರಡು ಕೆಲಸದ ಮೇಲೆ ನಿಂತಿದೆ. ಎರಡನ್ನೂ ಚೆನ್ನಾಗಿ ಮಾಡಿದರೆ ಯಂತ್ರ ಸ್ವಲ್ಪ ಒರಟಾಗಿದ್ದರೂ ನಡೆಯುತ್ತದೆ. ಕಡಿಮೆ ಎಕ್ಸ್‌ರೇಯಲ್ಲೇ ಚಿತ್ರ ಕಟ್ಟಬಹುದು, ಆಗ ಟ್ಯೂಬ್ ಮೇಲಿನ ಭಾರ ಇಳಿಯುತ್ತದೆ. ದುಬಾರಿ ಕಬ್ಬಿಣ, ತಾಮ್ರ, ಹೀಲಿಯಂ ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನು ಲೆಕ್ಕ ಹೊತ್ತುಕೊಳ್ಳುತ್ತದೆ.

ಸುಮ್ನೆ ಬಾಯಿಮಾತಲ್ಲ ಇದು. 2021ರಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದವರು ಮಿದುಳಿಗಾಗಿ 0.055 ಟೆಸ್ಲಾ ಎಂಆರ್‌ಐ ಮಾಡಿ ತೋರಿಸಿದರು. ಹೀಲಿಯಂ ಇಲ್ಲ, ಶಾಶ್ವತ ಕಾಂತ. ಲೋಹದ ಕೋಣೆಯೂ ಇಲ್ಲ. ನೆದರ್ಲೆಂಡ್ಸ್‌ನ ಲೈಡನ್‌ನವರು 2022ರಲ್ಲಿ ಬಿಡಿಭಾಗಗಳನ್ನು ಉಗಾಂಡಾದ ಎಂಬರಾರಕ್ಕೆ ಕಳಿಸಿ, ಅಲ್ಲಿನವರ ಜೊತೆಯಲ್ಲೇ ಕೂತು ಇಂಥದ್ದೇ ಸಣ್ಣ ಯಂತ್ರ ಜೋಡಿಸಿದರು. ತಲೆಯಲ್ಲಿ ನೀರು ತುಂಬುವ ಕಾಯಿಲೆಯ ಮಕ್ಕಳಿಗಾಗಿ ಹಾಕಿಕೊಂಡ ಕೆಲಸ ಅದು. ಉಗಾಂಡಾದ ಆ ಊರಿನಲ್ಲಿ ಆಗಿದ್ದು ಹಾಸನದಲ್ಲಿ ಆಗುವುದಿಲ್ಲವಾ?

ಈ ಸಣ್ಣ ಎಂಆರ್‌ಐ ಬಗ್ಗೆ ಓದುವಾಗ ನನಗೆ ಅಪ್ಪನ ರೇಡಿಯೋ ನೆನಪಾಗಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ಎಂಆರ್‌ಐ ಅಂದರೆ ಒಂದು ರೇಡಿಯೋನೇ. ದೇಹದಲ್ಲಿರುವ ಹೈಡ್ರೋಜನ್ ಕೊಡುವ ಬಹಳ ಸಣ್ಣ ರೇಡಿಯೋ ದನಿಯನ್ನು ಅದು ಕೇಳಿಸಿಕೊಳ್ಳುತ್ತದೆ. 0.05 ಟೆಸ್ಲಾದಲ್ಲಿ ಆ ದನಿ ಬರುವುದು ಸುಮಾರು 2.1 ಮೆಗಾಹರ್ಟ್ಸ್‌ನಲ್ಲಿ. ಮೀಡಿಯಂ ವೇವ್ ಮುಗಿಯುವುದು 1.6ರಲ್ಲಿ. ಅಂದರೆ ಅಪ್ಪನ ರೇಡಿಯೋ ಮುಳ್ಳನ್ನು ಬಲಗಡೆ ಕೊನೆಯವರೆಗೆ ತಳ್ಳಿದರೆ ಸಿಗುವ ಜಾಗದಿಂದ ಸ್ವಲ್ಪವೇ ಮುಂದೆ. ಹಾಗಾಗಿ ಮಿಂಚು, ಮೋಟಾರು, ಮಿಕ್ಸಿ, ಎಲ್ಲದರ ಗರಗರವೂ ಅದಕ್ಕೂ ಕೇಳುತ್ತದೆ. ಹಾಂಗ್‌ಕಾಂಗ್‌ನವರು ಸುತ್ತ ಬೇರೆ ಸುರುಳಿಗಳನ್ನಿಟ್ಟು ಗರಗರವನ್ನು ಮಾತ್ರ ಕೇಳಿಸಿಕೊಂಡು, ಕಂಪ್ಯೂಟರ್‌ಗೆ ಅದನ್ನು ಕಲಿಸಿ, ರೋಗಿಯ ದನಿಯಿಂದ ಅದನ್ನು ಕಳೆದರು.

ಇನ್ನೊಂದು ತೊಂದರೆ ಇದೆ, ನಮ್ಮ ಕಡೆಗೆ ಬಹಳ ಹೊಂದುವಂಥದ್ದು. ಇಂಥ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ನಿಯೋಡಿಮಿಯಂ ಶಾಶ್ವತ ಕಾಂತದ ಶಕ್ತಿ ಒಂದು ಡಿಗ್ರಿ ಬಿಸಿ ಏರಿದರೆ ಸಾವಿರದಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? 2.1 ಮೆಗಾಹರ್ಟ್ಸ್‌ನಲ್ಲಿ ಸಾವಿರಕ್ಕೊಂದು ಪಾಲು ಅಂದರೆ ಸುಮಾರು 2 ಕಿಲೋಹರ್ಟ್ಸ್. ಐದು ಡಿಗ್ರಿಗೆ 10. ನಮ್ಮ ಮೀಡಿಯಂ ವೇವ್‌ನಲ್ಲಿ ಒಂದು ಸ್ಟೇಷನ್‌ಗೂ ಪಕ್ಕದ್ದಕ್ಕೂ ಇರುವ ಅಂತರವೇ 9 ಕಿಲೋಹರ್ಟ್ಸ್. ಅಂದರೆ ಬೆಳಗಿನ ಚಳಿಯಲ್ಲಿ ಭದ್ರಾವತಿಗೆ ಇಟ್ಟ ರೇಡಿಯೋ ಬಿಸಿಲೇರುವ ಹೊತ್ತಿಗೆ ತಾನಾಗಿಯೇ ಬೇರೆ ಸ್ಟೇಷನ್‌ಗೆ ಸರಿದ ಹಾಗೆ! ಜನವರಿಯಲ್ಲಿ ನಮ್ಮ ಕಡೆ ಬೆಳಿಗ್ಗೆ ಕಂಬಳಿ ಹೊದ್ದವರು ಮಧ್ಯಾಹ್ನ ಬನಿಯನ್‌ನಲ್ಲಿ ಇರುತ್ತಾರೆ. ಎ.ಸಿ. ಇರುವ ಲ್ಯಾಬ್‌ನಲ್ಲಿ ಕೂತವರು ಹೀಗೆ ಸರಿಯುವುದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಬಹುದು. ಮಲೆನಾಡಿನಲ್ಲಿ ಕೂತವರಿಗೆ ಅದೇ ಮೊದಲ ಸಮಸ್ಯೆ. ಕಾಂತ ಹೇಗೆ ಬಿಸಿಯಾಗುತ್ತದೆ, ಎಷ್ಟು ಹೊತ್ತಿಗೆ ಎಷ್ಟು ಸರಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿಟ್ಟರೆ ಎ.ಸಿ. ಖರ್ಚಿಲ್ಲದೆಯೂ ಅದನ್ನು ಸರಿಪಡಿಸುವ ದಾರಿ ಇದೆ. ಬೆಂಗಳೂರಿನಲ್ಲೇ ಮಾಡಬಹುದಲ್ಲ ಅಂತ ಕೇಳುವವರಿಗೆ ನನ್ನ ಉತ್ತರ ಇದೇ. ಇಳಿದು ಏರುವ ವೋಲ್ಟೇಜ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯಲ್ಲೂ ಬೂಷ್ಟು ಹಿಡಿಸುವ ತೇವ, ಜನರೇಟರ್ ಕರೆಂಟು, ಘಾಟಿ ರಸ್ತೆಯ ಕುಲುಕಾಟ, ಇವೆಲ್ಲ ಲೆಕ್ಕದೊಳಗೆ ಬರಬೇಕಾದರೆ ಲೆಕ್ಕ ಹಾಕುವವರು ಅವುಗಳ ಮಧ್ಯೆ ಇರಬೇಕು.

ಅಲ್ಟ್ರಾಸೌಂಡ್ ಕಡೆಯಿಂದಲೂ ಒಂದು ದಾರಿ ಕಾಣುತ್ತಿದೆ. ಶಬ್ದಕ್ಕೆ ತಲೆಬುರುಡೆ ದಾಟುವುದು ಕಷ್ಟ, ಎಲುಬು ಅದನ್ನು ಹೀರಿ ಅಡ್ಡಾದಿಡ್ಡಿ ಮಾಡಿಬಿಡುತ್ತದೆ. ಅದಕ್ಕೇ ದೊಡ್ಡವರ ಲಕ್ವಾದಲ್ಲಿ ಮಿದುಳಿನ ಚಿತ್ರಕ್ಕೆ ಅಲ್ಟ್ರಾಸೌಂಡ್ ಉಪಯೋಗಕ್ಕೆ ಬಂದಿಲ್ಲ. ಆದರೆ ನೆಲದಡಿಯಲ್ಲಿ ಎಣ್ಣೆ ಹುಡುಕುವವರು ಕಲ್ಲಿನ ಪದರ ದಾಟಿ ಬರುವ ಅಲೆಗಳಿಂದ ಒಳಗಿನ ಚಿತ್ರ ಬಿಡಿಸುತ್ತಾರಲ್ಲ, ಆ ಲೆಕ್ಕವನ್ನೇ ತಲೆಬುರುಡೆಗೆ ಹಾಕಿ ನೋಡಿದ್ದಾರೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು. 2020ರಲ್ಲಿ ಅದು ಪ್ರಕಟವಾಯಿತು. ಕಂಪ್ಯೂಟರ್ ಒಳಗಿನ ತಲೆಯಲ್ಲಿ ಮಿದುಳಿನ ವಿವರ ಚೆನ್ನಾಗಿಯೇ ಬಂದಿದೆ. ರೋಗಿಯ ಹಾಸಿಗೆವರೆಗೆ ಬರಲು ಇನ್ನೂ ಬಹಳ ಕೆಲಸ ಇದೆ. ಆ ಕೆಲಸದಲ್ಲಿ ಒಂದು ಪಾಲು ನಮ್ಮದಾಗಲಿ ಅನ್ನುವುದು ನನ್ನ ಆಸೆ, ಯಾಕೆಂದರೆ ಒಂದು ಹೆಲ್ಮೆಟ್‌ನಷ್ಟು ದೊಡ್ಡ ಸಾಧನ ಆಂಬುಲೆನ್ಸ್‌ನಲ್ಲೇ ಇದ್ದರೆ ಕೊಟ್ಟಿಗೆಹಾರದಲ್ಲಿ ಬಿದ್ದ ಮರದ ಹಿಂದೆ ನಿಂತಿದ್ದಾಗಲೇ ಅಪ್ಪನದು ಹೆಪ್ಪೋ ಸೋರಿಕೆಯೋ ಗೊತ್ತಾಗುತ್ತಿತ್ತು.

ಈ ಕೆಲಸ ಎಷ್ಟು ಸಣ್ಣದರಿಂದ ಶುರುವಾಗುತ್ತದೆ ಅಂತ ತೋರಿಸಲು ಒಂದು ಉದಾಹರಣೆ. ಅಲ್ಟ್ರಾಸೌಂಡ್ ಪರೀಕ್ಷಿಸಲು ದೇಹದ ಬದಲು ಒಂದು ಮುದ್ದೆ ಬೇಕು, ಫ್ಯಾಂಟಮ್ ಅನ್ನುತ್ತಾರೆ. ಕಂಪನಿಯದ್ದು ಬಹಳ ದುಬಾರಿ. ನಾನು ಅಂಗಡಿಯಿಂದ ಚೈನಾ ಗ್ರಾಸ್ ತಂದು ಕುದಿಸಿ, ಅದಕ್ಕೆ ಇಸಬ್‌ಗೋಲ್ ಪುಡಿ ಕಲಸಿದೆ. ಮಲಬದ್ಧತೆಗೆ ತೆಗೆದುಕೊಳ್ಳುತ್ತಾರಲ್ಲ, ಅದೇ. ಅದರ ಸಣ್ಣ ಕಣಗಳು ಶಬ್ದವನ್ನು ಚದುರಿಸುತ್ತವೆ, ಮಾಂಸದ ಹಾಗೆ. ನಡುವೆ ಒಂದು ದ್ರಾಕ್ಷಿ ಇಟ್ಟೆ, ಗಂಟಿನ ಬದಲಿಗೆ. ಗುಳ್ಳೆ ಇದ್ದರೆ ಎಲ್ಲಾ ಹಾಳು, ಚಮಚದಲ್ಲಿ ಒಂದೊಂದೇ ಗುಳ್ಳೆ ತೆಗೆಯುತ್ತಾ ಕೂತಿದ್ದೆ. ನನ್ನ ರೂಮಿಗೆ ಬಂದಿದ್ದ ಅಮ್ಮ "ಏನೇ ಇದು, ಹಲ್ವಾನಾ?" ಅಂದರು. ಮಾರನೇ ದಿನ ಸ್ಟೀಲ್ ಡಬ್ಬಿಯಲ್ಲಿ ಲ್ಯಾಬ್‌ಗೆ ಒಯ್ದು ಫ್ರಿಜ್‌ನಲ್ಲಿಟ್ಟು, ತೆಗೆದು ಸ್ಕ್ಯಾನ್ ಮಾಡಿದರೆ, ಐದು ಸೆಂಟಿಮೀಟರ್ ಆಳದಲ್ಲಿಟ್ಟ ದ್ರಾಕ್ಷಿ ಮೂರು ಮಿಲಿಮೀಟರ್ ಕೆಳಗೆ ಕಾಣುತ್ತಿದೆ! ಎರಡು ದಿನ ಲೆಕ್ಕದಲ್ಲಿ ತಪ್ಪು ಹುಡುಕಿದೆ. ಲೆಕ್ಕ ಸರಿಯಿತ್ತು. ದೇಹದಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ಹೋಗುತ್ತದೆ ಅಂತ ಯಂತ್ರ ನಂಬಿಕೊಂಡಿರುತ್ತದೆ. ಫ್ರಿಜ್‌ನಿಂದ ತೆಗೆದ ತಣ್ಣನೆ ಮುದ್ದೆಯಲ್ಲಿ ಅದು ನಿಧಾನ, 1450 ಆಸುಪಾಸು. ವಾಪಸ್ ಬರಲು ತಡ ಆಗಿದ್ದಕ್ಕೆ ಯಂತ್ರ ಅದನ್ನು ಆಳ ಅಂದುಕೊಂಡಿತ್ತು. ಮಾದರಿಯಲ್ಲಿ ವೇಗ ಬದಲಿಸಿದ ಕೂಡಲೇ ದ್ರಾಕ್ಷಿ ತನ್ನ ಜಾಗಕ್ಕೆ ಬಂದು ಕೂತಿತು. ಗಂಟಿನ ಚೂರು ತೆಗೆಯಲು ಬಯಾಪ್ಸಿ ಸೂಜಿ ಹಾಕುವಾಗ ಮೂರು ಮಿಲಿಮೀಟರ್ ಅಂದರೆ ಸಣ್ಣದಲ್ಲ.

ಇದಕ್ಕೆ ಬೇಕಾದ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ಉಚಿತ. ಶಬ್ದದ ಅಲೆಗಳಿಗೆ ಕೆ-ವೇವ್, ಎಕ್ಸ್‌ರೇ ಕಣಗಳಿಗೆ ಜೀಯಾಂಟ್4. ಒಳ್ಳೆಯ ಕಂಪ್ಯೂಟರ್ ಒಂದು ಬೇಕು. ಮತ್ತೆ ಮನುಷ್ಯರು.

ನಮ್ಮ ಕಡೆಯವರಿಗೆ ಇದು ಆಗದ ಕೆಲಸ ಅಂತ ದಯವಿಟ್ಟು ಯಾರೂ ಹೇಳಬೇಡಿ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಅಲ್ಲಿ ಕೂತವರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಸಂಭಾಳಿಸುತ್ತಿದ್ದಾರೆ. ಆ ಉಪಗ್ರಹವನ್ನು ಮುಟ್ಟುವ ಹಾಗಿಲ್ಲ, ಬಿಚ್ಚಿ ನೋಡುವ ಹಾಗಿಲ್ಲ. ಬರುವ ಸಂಕೇತ ಓದಿ ಅದರೊಳಗೆ ಏನಾಗಿದೆ ಅಂತ ತಿಳಿಯಬೇಕು. ರೋಗಿಯ ದೇಹವನ್ನು ಬಿಚ್ಚದೆ ಒಳಗಿನದು ತಿಳಿಯುವುದೂ ಅದೇ ಜಾತಿಯ ಕೆಲಸ. ಅದೇ ರಸ್ತೆಯಲ್ಲಿ 1960ರಿಂದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು ಇದೆ. ಊರಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಚಿಕ್ಕಮಗಳೂರಿಗೂ ಈಗ ಮೆಡಿಕಲ್ ಕಾಲೇಜು ಬಂದಿದೆ. ಇವುಗಳ ನಡುವೆ ಓಡಾಡುವ, ಎರಡೂ ಕಡೆಯ ಮಾತು ಬರುವ ಒಬ್ಬರು ಬೇಕು, ಅಷ್ಟೇ. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಕಂಪನಿ ದೇಶದಲ್ಲೇ 1.5 ಟೆಸ್ಲಾ ಎಂಆರ್‌ಐ ಕಟ್ಟಿದೆ. ಬೆಂಗಳೂರಿನದೇ ಫೋರಸ್ ಹೆಲ್ತ್‌ನವರು ಕಣ್ಣಿನ ಪರೀಕ್ಷೆಗೆ ಕಡಿಮೆ ಬೆಲೆಯ ತ್ರಿನೇತ್ರ ಸಾಧನ ಮಾಡಿದ್ದಾರೆ. ನಮ್ಮ ರಾಜ್ಯದ ಕೈಗೆ ಈ ಕೆಲಸ ಬರುತ್ತದೆ.

2025ರ ಜೂನ್ ನೆನಪಿದೆಯಲ್ಲ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಒಬ್ಬರ ಹಿಂದೆ ಒಬ್ಬರು, ಅದರಲ್ಲೂ ಸಣ್ಣ ವಯಸ್ಸಿನವರು ತೀರಿಕೊಂಡ ಸುದ್ದಿ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಕ್ಯೂ ನಿಂತರು. ನನ್ನ ಜೊತೆ ಓದಿದವಳೊಬ್ಬಳು ಗಂಡನನ್ನು ಕರೆದುಕೊಂಡು ಹೋಗಿ ಒಂದು ಎಕೋ ಮಾಡಿಸಲು ಎರಡು ದಿನ ಕಾದಳು. ಎಕೋ ಅಂದರೂ ಅಲ್ಟ್ರಾಸೌಂಡೇ. ತಾಲ್ಲೂಕಿನಲ್ಲೇ ಮೊದಲ ಹಂತದ ಪರೀಕ್ಷೆ ನಂಬಿಕೆಯಿಂದ ಆಗುವ ಹಾಗಿದ್ದರೆ ಆ ಭಯ ಅಷ್ಟು ದೂರ ಬಸ್ ಹತ್ತಬೇಕಾಗಿರಲಿಲ್ಲ.

ಅಲ್ಟ್ರಾಸೌಂಡ್ ಅಂದ ಕೂಡಲೇ ನಿಮ್ಮ ಅಧಿಕಾರಿಗಳು 1994ರ ಲಿಂಗಪತ್ತೆ ತಡೆ ಕಾಯ್ದೆ ತೆಗೆದು ಮುಂದಿಡುತ್ತಾರೆ. ಇಡಬೇಕು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಕದ್ದುಮುಚ್ಚಿ ಲಿಂಗಪತ್ತೆ ನಡೆಯುತ್ತಿದ್ದದ್ದನ್ನು ಇಡೀ ರಾಜ್ಯ ನೋಡಿದೆ. ಹೆಣ್ಣುಮಗಳಾಗಿ ಹೇಳುತ್ತೇನೆ, ಆ ಕಾಯ್ದೆಯ ಒಂದಕ್ಷರವನ್ನೂ ಸಡಿಲ ಮಾಡಬೇಡಿ. ಅದಕ್ಕೇ ನಾನು ಹೇಳುತ್ತಿರುವ ಹುದ್ದೆ ಮೆಡಿಕಲ್ ಕಾಲೇಜಿನೊಳಗೆ, ನೋಂದಣಿ ಆದ ಯಂತ್ರದ ಪಕ್ಕದಲ್ಲಿ, ಅಲ್ಲಿನ ರೇಡಿಯಾಲಜಿ ಡಾಕ್ಟರರ ಕಣ್ಣಳತೆಯಲ್ಲಿ ಇರಬೇಕು. ಕೆಲಸದ ಬಹುಪಾಲು ಕಂಪ್ಯೂಟರ್ ಒಳಗೇ ನಡೆಯುವುದರಿಂದ ಮೊದಲ ವರ್ಷ ಪೂರ್ತಿ ಒಬ್ಬ ರೋಗಿಯನ್ನೂ ಮುಟ್ಟಬೇಕಾಗಿಲ್ಲ.

ಇನ್ನು ದುಡ್ಡು. ಕೇಂದ್ರ ಸರ್ಕಾರ 2023ರಲ್ಲಿ ಪರಿಷ್ಕರಿಸಿದ ದರದಲ್ಲಿ ಪಿಎಚ್‌ಡಿ ಆದ ರಿಸರ್ಚ್ ಅಸೋಸಿಯೇಟ್‌ಗೆ ಶುರುವಿನಲ್ಲಿ ತಿಂಗಳಿಗೆ 58,000 ರೂಪಾಯಿ. ಮೂರು ವರ್ಷಕ್ಕೆ 20 ಲಕ್ಷದ 88 ಸಾವಿರ. ಪಿಎಚ್‌ಡಿ ಮಾಡುತ್ತಿರುವವರನ್ನು ತೆಗೆದುಕೊಂಡರೆ ಮೊದಲೆರಡು ವರ್ಷ 37,000, ಆಮೇಲೆ 42,000, ಮೂರು ವರ್ಷಕ್ಕೆ 13 ಲಕ್ಷದ 92 ಸಾವಿರ. ಮನೆ ಬಾಡಿಗೆ ಭತ್ಯೆ, ಕಂಪ್ಯೂಟರ್ ಬೇರೆ. ಒಂದು ಸ್ಕ್ಯಾನಿಂಗ್ ಕೋಣೆ ಕಟ್ಟುವ ಖರ್ಚಿನ ಪಕ್ಕ ಇಟ್ಟು ನೋಡಿ.

ಆದರೆ ಸಂಬಳ ತಿಂಗಳು ತಿಂಗಳು ಬರಬೇಕು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನನ್ನ ಹಿಂದಿನ ಪ್ರಾಜೆಕ್ಟ್ ಒಂದರಲ್ಲಿ ಐದು ತಿಂಗಳು ಫೆಲೋಶಿಪ್ ಬರಲಿಲ್ಲ. ಜೊತೆಗಿದ್ದ ಹುಡುಗ, ಕಡೂರಿನವನು, ಅಷ್ಟು ಚೆನ್ನಾಗಿ ಲೆಕ್ಕ ಮಾಡುತ್ತಿದ್ದವನು, ಬೇಸತ್ತು ಸಾಫ್ಟ್‌ವೇರ್ ಕಂಪನಿಗೆ ಹೋದ. ಅವನು ಅರ್ಧ ಬರೆದಿಟ್ಟ ಕೋಡ್ ಇನ್ನೂ ಹಾಗೇ ಬಿದ್ದಿದೆ. ಮೂರು ವರ್ಷದ ದುಡ್ಡನ್ನು ಕಾಲೇಜಿನ ಖಾತೆಯಲ್ಲಿ ಮೊದಲೇ ಇಟ್ಟು ಆಮೇಲೆ ಅರ್ಜಿ ಕರೆಯಿರಿ. ಆ ವ್ಯಕ್ತಿಗೆ ಪಾಠದ ಹೊರೆ, ಪರೀಕ್ಷಾ ಡ್ಯೂಟಿ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನವರ ಫೈಲು ಹೊರಿಸಬೇಡಿ. ವಾರಕ್ಕೆ ಕನಿಷ್ಠ ಒಂದೂವರೆ ದಿನ ಸ್ಕ್ಯಾನಿಂಗ್ ವಿಭಾಗದಲ್ಲಿ ಕೂರಲೇಬೇಕು ಅಂತ ಆದೇಶದಲ್ಲೇ ಬರೆಯಿರಿ. ಟೆಕ್ನಿಷಿಯನ್‌ಗಳ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಲಿ. ಯಾವ ಯಂತ್ರ ಯಾವ ಹೊತ್ತಿಗೆ ನಿಲ್ಲುತ್ತದೆ, ಯಾವ ರೋಗಿ ಮಲಗಲಾರದೆ ಅಲುಗಾಡಿ ಚಿತ್ರ ಕೆಡುತ್ತದೆ, ರಾತ್ರಿ ಒಂದು ಗಂಟೆಗೆ ಬಂದವರಿಗೆ ಏನಾಗುತ್ತದೆ, ಎಲ್ಲಾ ನೋಡಿ ಬರೆದುಕೊಳ್ಳಲಿ. ಮಾಡಿದ ಕೋಡ್ ಎಲ್ಲರಿಗೂ ಸಿಗುವ ಹಾಗೆ ಬಿಡುಗಡೆ ಆಗಲಿ. ಮೂರು ವರ್ಷದಲ್ಲಿ ಯಂತ್ರವೇ ಬಂದುಬಿಡುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಕೊರ್ಮ್ಯಾಕ್ ಆಸ್ಪತ್ರೆಯಲ್ಲಿ ಕೂತಲ್ಲಿಂದ ಮೊದಲ ರೋಗಿಯ ಸ್ಕ್ಯಾನ್‌ವರೆಗೆ 15 ವರ್ಷ ಆಯಿತು. ಆದರೆ ಮಲೆನಾಡಿನ ಚಳಿ, ಮಳೆ, ಕರೆಂಟಿಗೆ ಹೊಂದುವ ಲೆಕ್ಕವೊಂದು ತಯಾರಾಗುತ್ತದೆ, ಅದರ ಮೇಲೆ ಮುಂದಿನವರು ಕಟ್ಟಬಹುದು.

ಮುಚ್ಚಿಡುವುದು ಏನೂ ಇಲ್ಲ, ಈ ಹುದ್ದೆ ಬಂದರೆ ನಾನೂ ಅರ್ಜಿ ಹಾಕುತ್ತೇನೆ. ನನಗಿಂತ ಒಳ್ಳೆಯವರು ಸಿಕ್ಕರೆ ಅವರನ್ನೇ ತೆಗೆದುಕೊಳ್ಳಿ. ನನ್ನ ಹತ್ತಿರ ಇರುವ ಫ್ಯಾಂಟಮ್ ಅಳತೆಗಳು, ಎರಡು ಮಳೆಗಾಲ ಮತ್ತು ಎರಡು ಚಳಿಗಾಲ ನಮ್ಮ ಮನೆಯ ಜಗುಲಿಯಲ್ಲಿ ಗಂಟೆಗೊಮ್ಮೆ ದಾಖಲಾದ ಬಿಸಿ, ತೇವ, ವೋಲ್ಟೇಜ್ ಎಲ್ಲಾ ಅವರಿಗೆ ಕೊಡುತ್ತೇನೆ. ಅಳೆಯುವ ಸಣ್ಣ ಪೆಟ್ಟಿಗೆಯನ್ನು ನಾನೇ ಮಾಡಿ ಅಪ್ಪನ ರೇಡಿಯೋ ಪಕ್ಕದಲ್ಲಿ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಅದರ ದೀಪ ಉರಿಯುತ್ತಿದೆಯಾ ಅಂತ ಅಪ್ಪ ನೋಡುತ್ತಾರೆ. ಕರೆಂಟು ಹೋಗಿ ಅದು ನಿಂತರೆ ಎಡಗೈಯಲ್ಲಿ ಕ್ಯಾಲೆಂಡರ್ ಮೇಲೆ ಗಂಟೆ ಗುರುತು ಹಾಕಿಡುತ್ತಾರೆ. ಅಕ್ಷರ ಸ್ವಲ್ಪ ಸೊಟ್ಟ, ಆದರೆ ಒಂದು ದಿನವೂ ತಪ್ಪಿಸಿಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ತೋಟದ ರೈಟರ್ ಮಗಳು